ಕಪ್ಪು ಪರದೆ ಹೋಗಿ ಕನ್ನಡ ಪರದೆ ಬರುವಾಗ ನೀವು ನೋಡಬೇಕಾದ್ದೇನು?



ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕೆ.ಆರ್.ನಗರದ ಭತ್ತಕ್ಕೆ ನಾಲೆ ನೀರು ಬೇಕು, ಎಚ್.ಡಿ.ಕೋಟೆಯ ಹೊಲಕ್ಕೆ ಮಳೆ ಬರಬೇಕು. ನಡುವೆ ಮನೆ ನಡೆಸುವುದು ಹಾಲಿನ ಬಟವಾಡೆ. ಆ ಬಟವಾಡೆಯ ಲೆಕ್ಕ ಹುಟ್ಟುವುದು ಸಂಘದ ಕಂಪ್ಯೂಟರಿನಲ್ಲಿ.

ಹಳೆಯ ತಂತ್ರಾಂಶವಿರುವ ಸಂಘದಲ್ಲಿ ಆ ಪರದೆಯನ್ನು ನೀವು ಕಂಡಿರಬಹುದು. ಕಪ್ಪು ಹಿನ್ನೆಲೆ, ಇಂಗ್ಲಿಷ್ ಅಕ್ಷರ, ಸಾಲು ಸಾಲು ಅಂಕಿ. ಚಿತ್ರವಿಲ್ಲ, ಮೌಸ್ ಇಲ್ಲ. ಅದನ್ನು ಹೀಗಳೆಯಬೇಕಿಲ್ಲ. ಪಳಗಿದ ಪರೀಕ್ಷಕರು ಕೀಲಿಮಣೆ ನೋಡದೆಯೇ ಅಂಕಿ ಒತ್ತಿ, ಎಂಟರ್ ಹೊಡೆದು ಸಾಲು ಮುಗಿಸುತ್ತಾರೆ. ಆದರೆ ಅವರೊಬ್ಬರು ರಜೆ ಹಾಕಿದರೆ ಕೆಲಸ ಕುಂಟುತ್ತದೆ. ಎದುರಿಗೆ ನಿಂತ ಸದಸ್ಯರಿಗೂ ಏನು ಬರೆದಿದೆ ಎಂದು ತಿಳಿಯುವುದಿಲ್ಲ.

ಇದಕ್ಕೆ ಕಾರಣವಿದೆ. ಆಗಿನ ಡಾಸ್ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಭಾರತೀಯ ಲಿಪಿ ಮೂಡಿಸಲು ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನೇ ಹಾಕಿಸಬೇಕಿತ್ತು. ನಂತರ ‘ಬರಹ’, ‘ನುಡಿ’ ಬಂದವು. ಯುನಿಕೋಡ್ ಬಂದ ಮೇಲೆ ಮೊಬೈಲಿಗೂ ಕನ್ನಡ ಬಂತು. 2000ದ ದಶಕದ ಆರಂಭದಲ್ಲೇ ‘ಭೂಮಿ’ ಯೋಜನೆಯಡಿ ಕಂಪ್ಯೂಟರ್ ಪಹಣಿ ಕನ್ನಡದಲ್ಲಿ ಕೈಸೇರಿತು. ಪಹಣಿ ಓದುವ ನಾವು ಹಾಲಿನ ಲೆಕ್ಕ ಓದಬಾರದೇ? ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ರೂಪಿಸಿರುವ ಹಾಲು ಸಂಗ್ರಹಣಾ ತಂತ್ರಾಂಶ ಈಗ ಹಲವು ಭಾರತೀಯ ಭಾಷೆಗಳಲ್ಲಿದೆ. ಸದಸ್ಯರ ಮೊಬೈಲಿಗೂ ವಿವರ ಕಳುಹಿಸುತ್ತದೆ.

ನಿಮ್ಮ ಸಂಘ ಪರದೆ ಬದಲಿಸುವಾಗ ಆಡಳಿತ ಮಂಡಳಿಯನ್ನು ಮೂರು ಮಾತು ಕೇಳಿ.

ಒಂದು, ಅಂಕಿ ಮತ್ತು ಎಂಟರ್ ಒತ್ತಿ ಕೆಲಸ ಮುಗಿಸುವ ಹಳೆಯ ಅನುಕೂಲ ಉಳಿದಿದೆಯೇ? ಪ್ರತಿ ಕ್ಯಾನಿಗೂ ಮೌಸ್ ಹುಡುಕಿದರೆ ಸಾಲು ಬೆಳೆಯುತ್ತದೆ, ಹಾಲು ಕೆಡುತ್ತದೆ.

ಎರಡು, ಹಳೆಯ ಲೆಕ್ಕ, ಸದಸ್ಯ ಸಂಖ್ಯೆ, ಷೇರು ವಿವರ ಪೂರ್ತಿಯಾಗಿ ಹೊಸದಕ್ಕೆ ಬಂದಿದೆಯೇ? ಬೋನಸ್ಸಿಗೆ ಆಧಾರ ವರ್ಷವಿಡೀ ಹಾಕಿದ ಹಾಲಿನ ಲೆಕ್ಕವೇ.

ಮೂರು, ಒಂದು ಬಟವಾಡೆ ಅವಧಿಯಷ್ಟಾದರೂ ಹಳೆಯದು, ಹೊಸದು ಎರಡನ್ನೂ ಜೊತೆಯಲ್ಲೇ ನಡೆಸಿ ಮೊತ್ತ ತಾಳೆ ನೋಡುತ್ತಾರೆಯೇ? ಪರದೆ ಬದಲಾದರೂ ಲೆಕ್ಕ ಬದಲಾಗಬಾರದು.

ಇನ್ನು ನಿಮ್ಮ ಕೆಲಸ. ಚೀಟಿ ಕೈಗೆ ಬಂದ ತಕ್ಷಣ ಸದಸ್ಯ ಸಂಖ್ಯೆ, ಲೀಟರ್, ಜಿಡ್ಡು, ಎಸ್‌ಎನ್‌ಎಫ್ ಮತ್ತು ದರ ಓದಿ. ಹಸುವಿನ ಹಾಲಿಗೆ ಜಿಡ್ಡು 3.5, ಎಸ್‌ಎನ್‌ಎಫ್ 8.5 ಎಂಬ ಮಟ್ಟ ನೆನಪಿರಲಿ. 8.6 ಲೀಟರ್ ಇದ್ದದ್ದು ಕೈತಪ್ಪಿ 6.8 ಎಂದು ಬಿದ್ದರೆ 1.8 ಲೀಟರ್ ಲೆಕ್ಕದಿಂದ ಹೋಯಿತು. ಹಾಲಿನ ದರವೂ ಹೋಯಿತು, ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನದಲ್ಲಿ 9 ರೂಪಾಯಿಯೂ ಹೋಯಿತು. ಅಲ್ಲೇ ನಿಂತು ಕೇಳಿದರೆ ಸರಿಪಡಿಸುವುದು ಸುಲಭ. ಬಟವಾಡೆಯ ದಿನ ಕೇಳಿದರೆ ಕಷ್ಟ.

ಓದು ಬಾರದವರು ಮನೆಯ ಮಕ್ಕಳಿಂದ ಚೀಟಿ ಓದಿಸಿಕೊಳ್ಳಿ. ಪರದೆ ನಿಮ್ಮ ಕಡೆ ತಿರುಗಿರಲಿ ಎಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೇಳಿ. ಸಂಘ ನಿಮ್ಮದು, ಅಲ್ಲಿನ ಲೆಕ್ಕವೂ ನಿಮ್ಮದೇ.