ಗೋಡೆ ಸೊಟ್ಟಗಿದ್ದರೆ ಗೆರೆ ನೆಟ್ಟಗಿರಬೇಕೆ?

ಬೆಂಗಳೂರಿನ ಜಯನಗರದಲ್ಲಿ ಮೊದಲ ಮಹಡಿಯ ಮೇಲಿರುವ ಒಂದು ನಕಾಶೆ ಕಚೇರಿಯಲ್ಲಿ ಇತ್ತೀಚೆಗೆ ಒಂದು ಮಧ್ಯಾಹ್ನ ಕಳೆದೆ. ಅಲ್ಲಿನ ತರುಣ ನಕ್ಷೆಗಾರನೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಇಂಗ್ಲೆಂಡಿನ ಯಾವುದೋ ಊರಿನ ಹಳೆಯ ಮನೆಯೊಂದರ ನಕ್ಷೆ ಬರೆಯುತ್ತಿದ್ದ. ಆ ಮನೆಯನ್ನು ಅವನು ಕಂಡಿಲ್ಲ, ಕಾಣುವ ಸಂಭವವೂ ಇಲ್ಲ. ಆದರೂ ಮನೆ ಅವನ ಪರದೆಯ ಮೇಲಿತ್ತು. ಗೆರೆಗಳಲ್ಲಿ ಅಲ್ಲ, ಚುಕ್ಕಿಗಳಲ್ಲಿ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತೇಲುವುದಿಲ್ಲವೇ? ಆ ಕಣಗಳೆಲ್ಲ ಇದ್ದಕ್ಕಿದ್ದಂತೆ ಗೋಡೆ, ಮೆಟ್ಟಿಲು, ಬೆಂಕಿಗೂಡಿನ ಆಕಾರದಲ್ಲಿ ನಿಂತುಬಿಟ್ಟರೆ ಹೇಗೋ ಹಾಗೆ.

ಆತ ಗೋಡೆಯ ಒಂದು ತುದಿಯಲ್ಲಿ ಗೆರೆ ಆರಂಭಿಸಿ ಇನ್ನೊಂದು ತುದಿಯತ್ತ ಎಳೆದ. ಚುಕ್ಕಿಗಳ ಸಾಲು ಗೆರೆಯ ಜೊತೆ ಸ್ವಲ್ಪ ದೂರ ಬಂದು, ಆಮೇಲೆ ಮೆಲ್ಲಗೆ ಬೇರೆ ದಾರಿ ಹಿಡಿಯಿತು. ಗೋಡೆ ಸೊಟ್ಟಗಿತ್ತು. ಅವನ ಬೆರಳು ಕೀಲಿಮಣೆಯ ಮೇಲಿನ ಎಫ್-8ರ ಕಡೆ ಹೋಗಿ ನಿಂತಿತು. ಆಟೋಕ್ಯಾಡ್ ಬಲ್ಲವರಿಗೆ ಆ ಕೀಲಿಯ ಮಹಿಮೆ ಗೊತ್ತು. ಅದನ್ನು ಒತ್ತಿದರೆ ಗೆರೆಗಳೆಲ್ಲ ಅಡ್ಡಕ್ಕೆ ಇಲ್ಲವೇ ಉದ್ದಕ್ಕೆ ಮಾತ್ರ ಹೋಗುತ್ತವೆ, ಮೂಲೆಗಳೆಲ್ಲ ತೊಂಬತ್ತು ಡಿಗ್ರಿಗೆ ಬರುತ್ತವೆ. ಒಂದು ಒತ್ತಿಗೆ ಮನೆ ನೆಟ್ಟಗಾಗುತ್ತದೆ. “ಒತ್ತಲೋ ಬೇಡವೋ ಅನ್ನೋದೇ ಈ ಕೆಲಸದಲ್ಲಿ ಕಷ್ಟ. ಉಳಿದದ್ದೆಲ್ಲ ಅಭ್ಯಾಸ” ಎಂದ.

ಆ ಮಾತಿನ ಹಿಂದೆ ಒಂದು ಉದ್ದನೆಯ ಕಥೆ ಇದೆ.

ಕಟ್ಟಡವನ್ನು ಕಟ್ಟುವ ಮುನ್ನ ನಕ್ಷೆ ಬರೆಯುವುದು ಎಲ್ಲರಿಗೂ ಗೊತ್ತು. ಕಟ್ಟಿ ಮುಗಿದು ನೂರಾರು ವರ್ಷಗಳಾದ ಮೇಲೆ, ಮೂಲ ನಕ್ಷೆ ಎಲ್ಲೂ ಉಳಿಯದೆ ಇರುವಾಗ, ಇರುವುದನ್ನೇ ಅಳೆದು ನಕ್ಷೆ ಬರೆಯುವುದು ಬೇರೆಯೇ ಕಸುಬು. ಅಳತೆಪಟ್ಟಿ ಹಿಡಿದು, ಏಣಿ ಹತ್ತಿ, ಒಬ್ಬ ಕೂಗಿ ಹೇಳುವುದು, ಇನ್ನೊಬ್ಬ ಬರೆದುಕೊಳ್ಳುವುದು. ಅಪಾಯವೂ ಉಂಟು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಇಗರ್ಜಿಯನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ಮೇಲಿನಿಂದ ಬೀಳುವುದರಲ್ಲಿದ್ದು ಸ್ವಲ್ಪದರಲ್ಲಿ ಬದುಕಿಕೊಂಡ. ಕಟ್ಟಡವನ್ನು ಮುಟ್ಟದೆಯೇ ಅಳೆಯಲಾಗದೆ ಎಂಬ ಯೋಚನೆ ಅವನ ತಲೆ ಹೊಕ್ಕಿದ್ದು ಆಗ. ಛಾಯಾಚಿತ್ರದಿಂದ ಅಳತೆ ತೆಗೆಯುವ ವಿಧಾನವನ್ನು ಅವನು ಬೆಳೆಸಿದ. 1885ರಲ್ಲಿ ಬರ್ಲಿನ್ನಿನಲ್ಲಿ ಅದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ತಲೆಯೆತ್ತಿತು. ಅಲ್ಲಿ ತೆಗೆದ ಗಾಜಿನ ಫಲಕಗಳು ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ನೆರವಿಗೆ ಬಂದವು.

ಛಾಯಾಚಿತ್ರದ ಕೆಲಸವನ್ನು ಲೇಸರ್ ಕಿರಣ ವಹಿಸಿಕೊಂಡದ್ದು 1990ರ ದಶಕದಲ್ಲಿ. ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಿವಿಲ್ ಎಂಜಿನಿಯರ್ ಬೆನ್ ಕಾಸಿರಾ ಇದರ ಮುಂಚೂಣಿಯಲ್ಲಿದ್ದವರು. ಅವರ ಕಣ್ಣಿದ್ದುದು ಗುಡಿ ಗೋಪುರಗಳ ಮೇಲಲ್ಲ, ಕಾರ್ಖಾನೆಗಳ ಮೇಲೆ. ದೊಡ್ಡ ಸ್ಥಾವರಗಳಲ್ಲಿ ಕೊಳವೆಗಳ ಕಾಡೇ ಇರುತ್ತದೆ. ಕಾಗದದ ಮೇಲಿನ ನಕ್ಷೆ ಒಂದು ಹೇಳಿದರೆ ನೆಲದ ಮೇಲೆ ಇನ್ನೊಂದು ಇರುತ್ತದೆ. ಇರುವುದನ್ನು ಇದ್ದಂತೆ ಅಳೆಯಲು ಅವರ ಕಂಪನಿ ‘ಸೈರ್ಯಾಕ್ಸ್’ ಎಂಬ ಯಂತ್ರ ತಂದಿತು. 2001ರಲ್ಲಿ ಆ ಕಂಪನಿಯನ್ನು ಲೈಕಾ ಕೊಂಡುಕೊಂಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಆಫ್ಘಾನಿಸ್ತಾನದ ಬಾಮಿಯಾನ್ ಬುದ್ಧ ವಿಗ್ರಹಗಳನ್ನು ತಾಲಿಬಾನ್ ಸಿಡಿಸಿತು. ಕಾಸಿರಾ ಯಂತ್ರವನ್ನು ಸ್ಮಾರಕಗಳತ್ತ ತಿರುಗಿಸಿದರು. 2003ರಲ್ಲಿ ಅವರು ಕಟ್ಟಿದ ‘ಸೈಆರ್ಕ್’ ಎಂಬ ಸಂಸ್ಥೆ, ಸ್ಕಾಟ್ಲೆಂಡಿನ ತಜ್ಞರ ಜೊತೆಗೂಡಿ 2011ರಲ್ಲಿ ಗುಜರಾತಿನ ಪಾಟಣದ ರಾಣಿ ಕಿ ವಾವ್ ಮೆಟ್ಟಿಲುಬಾವಿಯನ್ನೂ ಅಳೆಯಿತು. ನಮ್ಮ ನೂರು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವುದು ಅದೇ ಬಾವಿ.

ಯಂತ್ರ ಮಾಡುವ ಕೆಲಸ ತಿಳಿಯಲು ಕಷ್ಟವಿಲ್ಲ. ಮೂರು ಕಾಲಿನ ಮೇಲೆ ಕೂತ ಪೆಟ್ಟಿಗೆ ಮೆಲ್ಲಗೆ ಸುತ್ತುತ್ತದೆ. ಒಳಗಿನ ಕನ್ನಡಿ ಮೇಲೆ ಕೆಳಗೆ ಗರಗರ ತಿರುಗುತ್ತ ಲೇಸರ್ ಕಿರಣವನ್ನು ಎಲ್ಲ ದಿಕ್ಕಿಗೂ ಎರಚುತ್ತದೆ. ಕಿರಣ ಗೋಡೆಗೆ ಬಡಿದು ಹಿಂದಿರುಗಲು ಹಿಡಿದ ಕಾಲವನ್ನು ಯಂತ್ರ ಲೆಕ್ಕ ಹಾಕುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರ್ ಓಡುತ್ತದೆ. ಐದು ಮಿಲಿಮೀಟರಿನಷ್ಟು ನಿಖರವಾಗಿ ದೂರ ತಿಳಿಯಬೇಕಾದರೆ ಆ ಪಾಲನ್ನೂ ಮತ್ತೆ ಮೂವತ್ತು ತುಂಡು ಮಾಡಿ ಎಣಿಸಬೇಕು. ಕೆಲವು ಯಂತ್ರಗಳು ಕಾಲವನ್ನು ಎಣಿಸದೆ ಕಿರಣದ ಅಲೆ ಎಷ್ಟು ಹಿಂದೆ ಬಿತ್ತು ಎಂದು ನೋಡುತ್ತವೆ. ಅಂತೂ ಪ್ರತಿ ಬಡಿತಕ್ಕೂ ಒಂದು ಚುಕ್ಕಿ. ಪ್ರತಿ ಚುಕ್ಕಿಗೂ ಉದ್ದ, ಅಗಲ, ಎತ್ತರದ ಮೂರು ಸಂಖ್ಯೆ, ಜೊತೆಗೆ ಬಣ್ಣ. ಇಂಥ ಚುಕ್ಕಿಗಳ ರಾಶಿಗೆ ಎಂಜಿನಿಯರುಗಳು ಇಟ್ಟ ಹೆಸರು ‘ಪಾಯಿಂಟ್ ಕ್ಲೌಡ್’, ಬಿಂದುಗಳ ಮೋಡ.

ಕಂಬದ ಮುಂದೆ ನಿಂತ ಯಂತ್ರಕ್ಕೆ ಕಂಬದ ಹಿಂಬದಿ ಕಾಣದು. ಅಲ್ಲಿ ಮೋಡದಲ್ಲಿ ನೆರಳಿನ ಆಕಾರದ ತೂತು ಉಳಿಯುತ್ತದೆ. ಆದ್ದರಿಂದ ಯಂತ್ರವನ್ನು ಹತ್ತಾರು ಕಡೆ ಇಟ್ಟು ಅಳೆದು, ಎಲ್ಲ ಮೋಡಗಳನ್ನೂ ಒಂದಕ್ಕೊಂದು ಹೊಲಿಯಬೇಕು. ಎರಡೂ ಮೋಡಗಳಲ್ಲಿ ಕಾಣುವ ಕನಿಷ್ಠ ಮೂರು ಗುರುತು ಸಿಕ್ಕಿದರೆ ಹೊಲಿಗೆ ಸಾಧ್ಯ. ಅದಕ್ಕಾಗಿಯೇ ಅಳೆಯುವವರು ಅಲ್ಲಲ್ಲಿ ಬಿಳಿಯ ಗುಂಡುಗಳನ್ನೋ ಕಪ್ಪು-ಬಿಳಿ ಚೌಕದ ಹಾಳೆಗಳನ್ನೋ ಇಟ್ಟಿರುತ್ತಾರೆ. ಗಾಜು, ನೀರು, ಕನ್ನಡಿಗಳ ಬಳಿ ಲೇಸರ್ ಎಡವುತ್ತದೆ. ಹಾದುಹೋದ ಮನುಷ್ಯನೂ ದೆವ್ವದಂತೆ ಮೋಡದಲ್ಲಿ ಉಳಿದುಬಿಡುತ್ತಾನೆ. ಜಯನಗರದ ಕಚೇರಿಯ ಪರದೆಯಲ್ಲಿ ಅಂಥ ಒಬ್ಬಾತ ಮೆಟ್ಟಿಲ ಮೇಲೆ ಸೊಂಟದವರೆಗೆ ಮಾತ್ರ ನಿಂತಿದ್ದ.

ಮೋಡವನ್ನು ಕಂಪ್ಯೂಟರಿಗೆ ತುಂಬುವುದೂ ಸುಲಭವಲ್ಲ. ಚುಕ್ಕಿಯೊಂದಕ್ಕೆ ಹದಿನಾರು ಬೈಟ್ ಎಂದಿಟ್ಟುಕೊಂಡರೂ ನೂರು ಕೋಟಿ ಚುಕ್ಕಿಗೆ ಹದಿನಾರು ಗಿಗಾಬೈಟ್ ಬೇಕು. ಆದರೆ ಸಾಮಾನ್ಯ ಪರದೆಯಲ್ಲಿರುವುದೇ ಸುಮಾರು ಇಪ್ಪತ್ತು ಲಕ್ಷ ಬೆಳಕಿನ ಕಣ. ಹಾಗಾಗಿ ತಂತ್ರಾಂಶ ಇಡೀ ಕಟ್ಟಡವನ್ನು ಒಂದು ಪೆಟ್ಟಿಗೆಯೆಂದು ಭಾವಿಸಿ, ಅದನ್ನು ಎಂಟು ಪೆಟ್ಟಿಗೆ ಮಾಡಿ, ಒಂದೊಂದನ್ನೂ ಮತ್ತೆ ಎಂಟು ಮಾಡಿ ಜೋಡಿಸಿಟ್ಟುಕೊಳ್ಳುತ್ತದೆ. ನೋಡುವವರು ದೂರದಲ್ಲಿದ್ದರೆ ಕೆಲವೇ ಚುಕ್ಕಿಗಳನ್ನು ತೋರಿಸಿ, ಹತ್ತಿರ ಬಂದಂತೆಲ್ಲ ಒಳ ಪೆಟ್ಟಿಗೆಗಳನ್ನು ತೆರೆಯುತ್ತದೆ.

ಇನ್ನು ನಕ್ಷೆ. ಚುಕ್ಕಿಯಿಟ್ಟು ರಂಗೋಲಿ ಹಾಕುವವರಿಗೆ ಚುಕ್ಕಿಗಳ ಮೇಲೆ ಹಿಡಿತವಿರುತ್ತದೆ. ಎಷ್ಟು ಸಾಲು, ಎಷ್ಟು ದೂರ ಎಂದು ಅವರೇ ಇಟ್ಟಿರುತ್ತಾರೆ. ಇಲ್ಲಿ ಚುಕ್ಕಿ ಇಟ್ಟದ್ದು ಗೋಡೆ, ಗೆರೆ ಎಳೆಯುವವನು ಮನುಷ್ಯ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮೋಡವನ್ನು ದೋಸೆಯಂತೆ ತೆಳುವಾಗಿ ಕತ್ತರಿಸಿದರೆ ಗೋಡೆಗಳ ಅಡ್ಡಕೊಯ್ತ ಸಿಗುತ್ತದೆ. ಅದರ ಮೇಲೆ ಗೆರೆ ಎಳೆಯಬೇಕು. ಹತ್ತಿರ ಹೋಗಿ ನೋಡಿದರೆ ಅದು ಗೆರೆಯಲ್ಲ, ಕೆಲವು ಮಿಲಿಮೀಟರ್ ದಪ್ಪದ ಉಸುಕಿನ ಪಟ್ಟೆ. ಯಾವುದೋ ಒಂದು ಚುಕ್ಕಿಗೆ ಗೆರೆಯನ್ನು ಕಚ್ಚಿಸಿದರೆ ತಪ್ಪು ಖಂಡಿತ. ಆ ಚುಕ್ಕಿ ಗೋಡೆಯದಿರಬಹುದು, ಗೋಡೆಗೆ ಹೊಡೆದ ಮೊಳೆಯದಿರಬಹುದು, ಅಂಟಿದ ಬಳ್ಳಿಯದೂ ಇರಬಹುದು. ಲೇಸರಿಗೆ ಕಂಬವೂ ಒಂದೇ, ಕಂಬಕ್ಕೆ ಒರಗಿಸಿಟ್ಟ ಪೊರಕೆಯೂ ಒಂದೇ. ಇದು ಗೋಡೆ, ಇದು ಕಸ ಎಂದು ಬೇರೆ ಮಾಡುವುದರಲ್ಲಿ ಈಗ ಯಂತ್ರಗಳೂ ಕೈಗೂಡಿಸುತ್ತವೆ. ಆದರೂ ಕೊನೆಯ ತೀರ್ಪು ಕುಳಿತವನದೇ.

ಈ ತೀರ್ಪಿಗೆ ಎಷ್ಟು ಬೆಲೆ ಎಂಬುದನ್ನು ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿ ತೋರಿಸಿಕೊಟ್ಟಿತು. 1163ರಲ್ಲಿ ಆರಂಭವಾದ ಕಟ್ಟಡ ಅದು. 2010ರಲ್ಲಿ ಅಮೆರಿಕದ ವಾಸರ್ ಕಾಲೇಜಿನ ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್, ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ತಜ್ಞ ಪಾಲ್ ಬ್ಲೇರ್ ಜೊತೆ ಅಲ್ಲಿಗೆ ಹೋಗಿ ಐವತ್ತಕ್ಕೂ ಹೆಚ್ಚು ಕಡೆ ಯಂತ್ರವಿಟ್ಟು ಒಳಗೂ ಹೊರಗೂ ಅಳೆದರು. ಸಿಕ್ಕಿದ್ದು ನೂರು ಕೋಟಿಗೂ ಮೀರಿದ ಚುಕ್ಕಿಗಳು. ಟ್ಯಾಲನ್‌ಗೆ ಬೇಕಿದ್ದುದು ಕಟ್ಟಡದ ಅಂದವಲ್ಲ, ಅದರ ಸೊಟ್ಟ. ಕಟ್ಟಿದವರು ಎಲ್ಲಿ ತಡವರಿಸಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ಮನಸ್ಸು ಬದಲಿಸಿದರು ಎಂಬುದು ಕಲ್ಲಿನ ಓರೆಕೋರೆಗಳಲ್ಲಿ ಉಳಿದಿರುತ್ತದೆ ಎಂಬುದು ಅವರ ನಂಬಿಕೆ.

ಅವರು ಕಂಡದ್ದು ಸ್ವಾರಸ್ಯಕರವಾಗಿದೆ. ಒಳಗಿನ ಕಂಬಗಳು ಒಂದೇ ಸಾಲಿನಲ್ಲಿ ಇಲ್ಲ. ಹಿಂದೆ ಅಲ್ಲಿದ್ದ ಕಟ್ಟಡಗಳನ್ನು ಕೆಡವದೆ ಅವುಗಳ ಸುತ್ತ ಕಟ್ಟುತ್ತ ಹೋದದ್ದರಿಂದ ಹೀಗಾಯಿತೆಂದು ಅವರು ತರ್ಕಿಸಿದರು. ಪಶ್ಚಿಮದ ಮುಖದಲ್ಲಿ ರಾಜರ ಪ್ರತಿಮೆಗಳ ಸಾಲು ತೂಗುಗುಂಡಿನ ನೇರದಿಂದ ಸುಮಾರು ಒಂದು ಅಡಿ ತಪ್ಪಿದೆ. ನೆಲ ಕುಸಿದು, ಅದು ಗಟ್ಟಿಯಾಗಲೆಂದು ಕೆಲಸ ನಿಲ್ಲಿಸಿ ಕಾದು, ಆಮೇಲೆ ಗೋಪುರ ಏರಿಸಿದರು ಎಂಬುದು ಅದರಿಂದ ತಿಳಿಯಿತು. ಹೊರಗೋಡೆಗೆ ಒತ್ತುಕೊಡುವ ಹಾರುಕಮಾನುಗಳ ಮಾತು ಇನ್ನೂ ವಿಶೇಷ. ಇವನ್ನು ಮೊದಲೇ ಕಟ್ಟಿದರೋ, ಗೋಡೆ ಹೊರಕ್ಕೆ ಬಾಗತೊಡಗಿದ ಮೇಲೆ ಆಸರೆಯಾಗಿ ಸೇರಿಸಿದರೋ ಎಂಬ ಹಳೆಯ ವಾದವಿತ್ತು. ಗೋಡೆ ಬಾಗಿಯೇ ಇಲ್ಲವೆಂದು ಚುಕ್ಕಿಗಳು ತೋರಿಸಿದವು. ಆದ್ದರಿಂದ ಕಮಾನುಗಳು ಮೊದಲಿನಿಂದಲೂ ಇದ್ದವು ಎಂದು ಟ್ಯಾಲನ್ ವಾದಿಸಿದರು.

ಇದೆಲ್ಲ ಎಫ್-8 ಒತ್ತಿ ಬರೆದ ನಕ್ಷೆಯಲ್ಲಿ ಕಾಣುವುದಿಲ್ಲ. ಅಲ್ಲಿ ಕಂಬಗಳು ಸಾಲಿಗೆ ಬಂದಿರುತ್ತವೆ, ರಾಜರು ನೇರಕ್ಕೆ ನಿಂತಿರುತ್ತಾರೆ. ಬಾಗಿದ ಗೋಡೆಗೂ ಬಾಗದ ಗೋಡೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಿಂದಿನ ಸುಂದರ ನಕ್ಷೆಗಳು ಎಷ್ಟು ಕಟ್ಟಡಗಳ ಸಾಕ್ಷ್ಯವನ್ನು ಹೀಗೆ ಅಳಿಸಿಹಾಕಿವೆಯೋ!

ಟ್ಯಾಲನ್ 2018ರ ನವೆಂಬರಿನಲ್ಲಿ ತೀರಿಕೊಂಡರು. ವಯಸ್ಸು 49. ಐದು ತಿಂಗಳ ಬಳಿಕ, 2019ರ ಏಪ್ರಿಲ್ 15ರ ಸಂಜೆ, ನೋತ್ರ್ ದಾಮ್‌ಗೆ ಬೆಂಕಿ ಬಿತ್ತು. ‘ಕಾಡು’ ಎಂದೇ ಹೆಸರಾಗಿದ್ದ ಓಕ್ ಮರದ ಮಧ್ಯಯುಗದ ಚಾವಣಿಚೌಕಟ್ಟು ಸುಟ್ಟುಹೋಯಿತು. 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯುಕ್ ಕಟ್ಟಿಸಿದ ಶಿಖರ ಜಗತ್ತಿನ ಕಣ್ಣೆದುರೇ ಮುರಿದು ಬಿತ್ತು.

ಆಗ ಒಂದು ಸುದ್ದಿ ಎಲ್ಲೆಡೆ ಹರಡಿತು. 2014ರ ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ವಿಡಿಯೋ ಆಟದಲ್ಲಿ ನೋತ್ರ್ ದಾಮ್ ಇದ್ದಂತೆಯೇ ಇದೆಯಂತೆ, ಅದನ್ನು ನೋಡಿಯೇ ಮತ್ತೆ ಕಟ್ಟಬಹುದಂತೆ ಎಂದು. ಕೇಳಲು ಚೆಂದ. ಆದರೆ ಆ ಇಗರ್ಜಿಯನ್ನು ಕಲಾವಿದೆಯೊಬ್ಬರು ಚಿತ್ರಗಳನ್ನು ನೋಡಿ ಸುಮಾರು ಎರಡು ವರ್ಷ ಕುಳಿತು ರೂಪಿಸಿದ್ದರು. ಲೇಸರ್ ಅಳತೆ ಅದರಲ್ಲಿ ಇರಲಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದ ಆ ಆಟದಲ್ಲಿ 19ನೇ ಶತಮಾನದ ಶಿಖರವೂ ಇದೆ. ಆಟಕ್ಕೆ ಅಷ್ಟು ಸಾಕು, ಬಡಗಿಗೆ ಸಾಲದು.

ನಿಜವಾಗಿ ಕೆಲಸಕ್ಕೆ ಬಂದದ್ದು ಬೇರೆ. ಟ್ಯಾಲನ್‌ರ ಮೋಡವಿತ್ತು. ‘ಆರ್ ಗ್ರಾಫಿಕ್ ಎ ಪಾತ್ರಿಮ್ವಾನ್’ ಎಂಬ ಫ್ರೆಂಚ್ ಸಂಸ್ಥೆ ಹಿಂದೆ ತೆಗೆದಿದ್ದ ಅಳತೆಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ರೆಮಿ ಫ್ರೊಮೊಂ ಮತ್ತು ಸೆಡ್ರಿಕ್ ತ್ರಾಂತ್‌ಸೊ ಎಂಬ ಇಬ್ಬರು ವಾಸ್ತುಶಿಲ್ಪಿಗಳು 2014ರಲ್ಲಿ ಆ ಮರದ ‘ಕಾಡಿ’ನೊಳಗೆ ಹೊಕ್ಕು ತೊಲೆ ತೊಲೆಗೂ ನಕ್ಷೆ ಬರೆದಿದ್ದರು. ಮೋಡ ಮೇಲ್ಮೈಯನ್ನು ಮಾತ್ರ ಬಲ್ಲದು. ಯಾವ ತೊಲೆ ಯಾವುದಕ್ಕೆ ಹೇಗೆ ಕಚ್ಚಿದೆ, ಒಳಗಿನ ಕೀಲು ಎಂಥದು ಎಂಬುದಕ್ಕೆ ಬಳಿಗೆ ಹೋಗಿ ನೋಡಿದವರೇ ಬೇಕು. ಸುಮಾರು 2000 ಓಕ್ ಮರಗಳನ್ನು ಕಡಿದು ತರಲಾಯಿತು. ಮಧ್ಯಯುಗದ ಚೌಕಟ್ಟಿಗೆ ಬೇಕಾದ ತೊಲೆಗಳನ್ನು ಬಡಗಿಗಳು ಯಂತ್ರ ಬಿಟ್ಟು ಕೊಡಲಿಯಲ್ಲೇ ಕೆತ್ತಿದರು. ಬೆಂಕಿಯ ನಂತರ ಕಟ್ಟಡವನ್ನು ಮತ್ತೆ ಲೇಸರಿನಿಂದ ಅಳೆದು, ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿಯ ನೆರವಿನಿಂದ ಗಣಕದಲ್ಲಿ ಮಾದರಿ ಸಿದ್ಧಪಡಿಸಲಾಯಿತು. 2024ರ ಡಿಸೆಂಬರಿನಲ್ಲಿ ಇಗರ್ಜಿಯ ಬಾಗಿಲು ತೆರೆಯಿತು.

ಎರಡು ಕಾಲದ ಮೋಡಗಳನ್ನು ಒಂದರ ಮೇಲೊಂದು ಇಟ್ಟು, ಗೋಡೆ ಎಷ್ಟು ಸರಿದಿದೆ ಎಂದು ಬಣ್ಣದಲ್ಲಿ ತೋರಿಸುವ ತಂತ್ರಾಂಶಗಳೂ ಇವೆ. ಅವುಗಳಲ್ಲಿ ಹೆಸರಾದ, ದುಡ್ಡಿಲ್ಲದೆ ಸಿಗುವ ‘ಕ್ಲೌಡ್‌ಕಂಪೇರ್’ ಕೂಡ ಫ್ರಾನ್ಸಿನದೇ. ಅಲ್ಲಿನ ವಿದ್ಯುತ್ ಕಂಪನಿಯ ಸಹಯೋಗದಲ್ಲಿ ನಡೆದ ಪಿಎಚ್.ಡಿ. ಸಂಶೋಧನೆಯೊಂದರಿಂದ ಅದು ಹುಟ್ಟಿತು. ಮತ್ತೆ ಕಾರ್ಖಾನೆಯಿಂದಲೇ!

ಮೋಡಗಳನ್ನು ಕಾಪಾಡುವುದು ಮಾತ್ರ ತಲೆನೋವು. ಮೈಡೆನ್‌ಬಾವರನ ಗಾಜಿನ ಫಲಕವನ್ನು ಇಂದಿಗೂ ಬೆಳಕಿಗೆ ಹಿಡಿದರೆ ಇಗರ್ಜಿ ಕಾಣುತ್ತದೆ. ಚುಕ್ಕಿಗಳ ಕಡತಕ್ಕೆ ಅದನ್ನು ಓದಬಲ್ಲ ತಂತ್ರಾಂಶ ಬೇಕು, ಓದಬಲ್ಲ ಯಂತ್ರ ಬೇಕು. ಒಂದೊಂದು ಕಂಪನಿಯ ಕಡತವೂ ಒಂದೊಂದು ಭಾಷೆ ಆಡುತ್ತಿದ್ದುದರಿಂದ 2011ರಲ್ಲಿ ‘ಇ-57’ ಎಂಬ ಸಾಮಾನ್ಯ ಮಾದರಿಯೊಂದನ್ನು ಗೊತ್ತುಮಾಡಿದರು. ಜಯನಗರದ ಕಚೇರಿಗೆ ಬಂದ ಕಡತವೂ ಅದೇ ಮಾದರಿಯದು. ನಕ್ಷೆ ಒಪ್ಪಿಸಿ ಮೂರು ತಿಂಗಳಾದ ಮೇಲೆ ಜಾಗ ಸಾಲದೆ ಮೋಡವನ್ನು ಅಳಿಸಿಬಿಡುತ್ತಾರಂತೆ. ಅಳೆಸಿದವರ ಬಳಿ ಇನ್ನೊಂದು ಪ್ರತಿ ಇರಬಹುದು, ಇಲ್ಲದಿರಲೂಬಹುದು. ಇಲ್ಲದಿದ್ದರೆ ಉಳಿಯುವುದು ಆ ಹುಡುಗ ಎಳೆದ ಗೆರೆ ಮಾತ್ರ.

ಅಂದು ಅವನು ಎಫ್-8 ಒತ್ತಲಿಲ್ಲ. ಗೋಡೆಯನ್ನು ಮೂರು ತುಂಡಾಗಿ, ಚುಕ್ಕಿಗಳು ಹೋದಂತೆ ಬರೆದು, ಒಂದು ತುದಿಯಲ್ಲಿ ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸವಿದೆ ಎಂದು ಟಿಪ್ಪಣಿ ಹಾಕಿದ. ಪಕ್ಕದ ಮೇಜಿನವನು ಬಗ್ಗಿ ನೋಡಿ, ನೆಟ್ಟಗೆ ಬರೆದಿದ್ದರೆ ಇಷ್ಟೊತ್ತಿಗೆ ಎರಡು ಕೋಣೆ ಮುಗಿಯುತ್ತಿತ್ತು ಎಂದ. ಅವರಿಗೆ ಸಂಬಳ ಕೋಣೆಯ ಲೆಕ್ಕದಲ್ಲಿ.