ಕ್ಲೋವರ್ ಸಸ್ಯಗಳೂ ಅವರೆಯ ಕುಟುಂಬದಲ್ಲಿ ಅವುಗಳ ಸ್ಥಾನವೂ

ಸಮಶೀತೋಷ್ಣ ದೇಶಗಳ ಹುಲ್ಲುಗಾವಲುಗಳನ್ನು ಕುರಿತ ಗ್ರಂಥಗಳಲ್ಲಿ ಕ್ಲೋವರ್ ಎಂಬ ಹೆಸರು ಮೇಲಿಂದ ಮೇಲೆ ಬರುವುದು. ಅದನ್ನು ಓದಿದ ವಿದ್ಯಾರ್ಥಿಯು ಕ್ಲೋವರ್ ಎಂದರೆ ಒಂದೇ ಸಸ್ಯವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಆ ಹೆಸರು ಅನೇಕ ಪ್ರಭೇದಗಳಿಗೆ ಸಲ್ಲುವುದಲ್ಲದೆ, ಕ್ಲೋವರ್ ಅಲ್ಲದ ಕೆಲವು ಸಸ್ಯಗಳಿಗೂ ಅಂಟಿಕೊಂಡಿದೆ. ನಿಜವಾದ ಕ್ಲೋವರ್ ಯಾವುದು, ಅದರ ಬಂಧುಗಳು ಯಾವುವು, ಈ ವಿವೇಚನೆಯಿಂದ ಪ್ರಯೋಜನವೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಅವರೆಯ ಕುಟುಂಬವಾದ ಲೆಗ್ಯುಮಿನೋಸೀ ಸುಮಾರು 19,500 ಪ್ರಭೇದಗಳನ್ನುಳ್ಳ ಬಹು ದೊಡ್ಡ ಸಸ್ಯಕುಟುಂಬ. ಹಳೆಯ ಪಠ್ಯಗಳು ಇದನ್ನು ಹೂವಿನ ರಚನೆಗನುಸಾರವಾಗಿ ಮೂರು ಉಪಕುಟುಂಬಗಳಾಗಿ ವಿಂಗಡಿಸುತ್ತಿದ್ದುವು. 2017ರಲ್ಲಿ ವಿದ್ವಾಂಸರ ಅಂತರರಾಷ್ಟ್ರೀಯ ತಂಡವೊಂದು ಡಿ.ಎನ್.ಎ. ಆಧಾರದಿಂದ ಆರು ಉಪಕುಟುಂಬಗಳನ್ನು ಗುರುತಿಸಿತು. ಕ್ಲೋವರ್ ಮೊದಲಿನಂತೆ ಈಗಲೂ ಪ್ಯಾಪಿಲಿಯೊನಾಯ್ಡಿಯೀ ಎಂಬ ಉಪಕುಟುಂಬಕ್ಕೇ ಸೇರಿದೆ. ಅವರೆ, ಬಟಾಣಿ, ಕಡಲೆಗಳಂತೆ ಇದರ ಹೂವಿನಲ್ಲಿಯೂ ಪತಾಕೆಯಂತೆ ನಿಂತ ಒಂದು ದಳ, ರೆಕ್ಕೆಗಳಂತಿರುವ ಎರಡು ದಳ, ದೋಣಿಯಾಕಾರದಲ್ಲಿ ಕೂಡಿಕೊಂಡ ಎರಡು ದಳ ಇರುವುವು.

ನಿಜವಾದ ಕ್ಲೋವರುಗಳೆಲ್ಲವೂ ಟ್ರೈಫೋಲಿಯಮ್ ಎಂಬ ಜಾತಿಗೆ ಸೇರಿದುವು. ಈ ಜಾತಿಯಲ್ಲಿ ಸುಮಾರು 250 ಪ್ರಭೇದಗಳುಂಟು. ಹೆಸರಿನ ಅರ್ಥ ‘ಮೂರೆಲೆ’ ಎಂದಾದರೂ ಮೂರು ಕಿರುಎಲೆಗಳೇ ಇದರ ನಿರ್ಣಾಯಕ ಲಕ್ಷಣವಲ್ಲ. ಟ್ರೈಫೋಲಿಯಮ್ ಲೂಪಿನಾಸ್ಟರ್ ಎಂಬ ಪ್ರಭೇದದಲ್ಲಿ ಐದು ಅಥವಾ ಅದಕ್ಕೂ ಹೆಚ್ಚು ಕಿರುಎಲೆಗಳಿರುವುವು. ಸಣ್ಣ ಹೂಗಳು ಸಾಮಾನ್ಯವಾಗಿ ಚೆಂಡಿನಂತೆ ಒತ್ತಾಗಿ ಸೇರಿರುವುದು, ದಳಗಳು ಬಾಡಿದರೂ ಉದುರದೆ ಉಳಿಯುವುದು, ಕೆಲವೇ ಬೀಜಗಳುಳ್ಳ ಪುಟ್ಟ ಕಾಯಿ ಆ ಒಣದಳಗಳ ಒಳಗೇ ಅಡಗಿರುವುದು, ಇವನ್ನು ಗಮನಿಸತಕ್ಕದ್ದು.

ಕೃಷಿಗೆ ಬಂದಿರುವ ಪ್ರಭೇದಗಳಲ್ಲಿ ಕೆಲವನ್ನು ನೋಡೋಣ. ಬಿಳಿ ಕ್ಲೋವರಿನ ಕಾಂಡ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರೂರುವುದರಿಂದ ದನಗಳ ತುಳಿತವನ್ನೂ ಮೇಯ್ತವನ್ನೂ ತಾಳಿಕೊಳ್ಳಬಲ್ಲುದು. ಕೆಂಪು ಕ್ಲೋವರ್ ನೆಟ್ಟಗೆ ಬೆಳೆಯುವುದು. ಅದನ್ನು ಕೊಯ್ದು ಒಣಮೇವು ಮಾಡುವರು. ಅದರ ಹೂನಾಳ ಉದ್ದವಾದುದರಿಂದ ಪರಾಗಸ್ಪರ್ಶಕ್ಕೆ ಉದ್ದ ನಾಲಗೆಯ ಬಂಬಲ್‌ಬೀ ಎಂಬ ದುಂಬಿಗಳು ಬೇಕು. ನ್ಯೂಜಿಲೆಂಡಿನಲ್ಲಿ ಇವು ಇಲ್ಲದೆ ಬೀಜ ಸರಿಯಾಗಿ ಕಟ್ಟದಿರಲು, 1885ರಲ್ಲಿ ಅವನ್ನು ಇಂಗ್ಲೆಂಡಿನಿಂದ ತಂದು ನೆಲೆಗೊಳಿಸಿದರು. ನೆಲಗ್ಲೋವರ್ ಎನ್ನಬಹುದಾದ ಟ್ರೈಫೋಲಿಯಮ್ ಸಬ್‌ಟೆರೇನಿಯಮ್ ನಮ್ಮ ನೆಲಗಡಲೆಯಂತೆ ಕಾಯಿಗಳನ್ನು ಮಣ್ಣಿನೊಳಕ್ಕೆ ನೂಕುವುದು. ಭಾರತಕ್ಕೆ ಅತ್ಯಂತ ಮುಖ್ಯವಾದುದು ಬರ್ಸೀಮ್. ಈಜಿಪ್ಟಿನಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿಂಧ್ ಪ್ರಾಂತಕ್ಕೆ ಬಂದ ಈ ಪ್ರಭೇದವು ಉತ್ತರ ಭಾರತದ ನೀರಾವರಿ ಭೂಮಿಯಲ್ಲಿ ಚಳಿಗಾಲದ ಹಸಿಮೇವಾಗಿ ಹಬ್ಬಿದೆ. ಒಂದು ಬಿತ್ತನೆಯಿಂದ ಹಲವು ಕೊಯ್ಲು ದೊರೆಯುವುದು.

ಇನ್ನು ಹೆಸರಿನಲ್ಲಿ ಮಾತ್ರ ಕ್ಲೋವರ್ ಆದವು. ನಮ್ಮ ಅಂಗಳಗಳಲ್ಲಿ ಬೆಳೆಯುವ ಹುಳಿರುಚಿಯ ಪುಲ್ಲಂಪುರಚಿಗೂ ಮೂರು ಕಿರುಎಲೆಗಳುಂಟು. ಆದರೆ ಒಂದೇ ಸಮನಾದ ಐದು ಹಳದಿ ದಳಗಳನ್ನು ನೋಡಿದೊಡನೆ ಅದು ಅವರೆಯ ಕುಟುಂಬದ್ದಲ್ಲವೆಂಬುದು ತಿಳಿಯುವುದು. ಸ್ವೀಟ್ ಕ್ಲೋವರ್ ಎಂಬುದು ಅದೇ ಕುಟುಂಬದ್ದಾದರೂ ಮೆಲಿಲೋಟಸ್ ಎಂಬ ಬೇರೆ ಜಾತಿ. ಅದರ ಹೂಗಳು ಚೆಂಡಾಗದೆ ನೀಳವಾದ ಗೊಂಚಲಾಗುವುವು. ಈ ವ್ಯತ್ಯಾಸ ಬರಿಯ ಹೂವಿನದಲ್ಲ. ಮೆಲಿಲೋಟಸ್ ಗಿಡದಲ್ಲಿ ಕೂಮರಿನ್ ಎಂಬ ಸುವಾಸನೆಯ ವಸ್ತು ಹೇರಳವಾಗಿದೆ. ಒಣಮೇವಿಗೆ ಬೂಷ್ಟು ಹಿಡಿದಾಗ ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೂಮರಾಲ್ ಆಗಿ ಮಾರ್ಪಡುವುದು. 1920ರ ದಶಕದಲ್ಲಿ ಕೆನಡಾದಲ್ಲಿಯೂ ಅಮೆರಿಕದ ಉತ್ತರ ರಾಜ್ಯಗಳಲ್ಲಿಯೂ ಇಂತಹ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸತ್ತುವು. ಕಾರಣವನ್ನು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ಆ ವಸ್ತುವನ್ನು ಬೇರ್ಪಡಿಸಿದರು. ಹೃದ್ರೋಗಿಗಳಿಗೆ ಇಂದು ಕೊಡುವ ವಾರ್ಫರಿನ್ ಔಷಧಿಯು ಆ ಸಂಶೋಧನೆಯಿಂದಲೇ ಹುಟ್ಟಿತು.

ಬಂಧುತ್ವದ ಪ್ರಶ್ನೆ ಉಳಿಯಿತು. ಕ್ಲೋವರ್, ಮೆಲಿಲೋಟಸ್, ಕುದುರೆ ಮಸಾಲೆ, ಮೆಂತ್ಯ, ಇವನ್ನು ಮೂರು ಕಿರುಎಲೆಗಳ ಸಾಮ್ಯದಿಂದ ಟ್ರೈಫೋಲಿಯೀ ಎಂಬ ಒಂದೇ ಪಂಗಡದಲ್ಲಿ ಇಡುವುದು ರೂಢಿ. ಡಿ.ಎನ್.ಎ. ಪರೀಕ್ಷೆಯು ಕೊನೆಯ ಮೂರನ್ನು ಪರಸ್ಪರ ನಿಕಟವೆಂದೂ, ಕ್ಲೋವರ್ ಅವುಗಳಿಗಿಂತ ಬಟಾಣಿ ಮತ್ತು ಚನ್ನಂಗಿಗಳ ಪಂಗಡಕ್ಕೆ ಹತ್ತಿರವೆಂದೂ ತೋರಿಸಿದೆ. ಬೇರುಗಂಟುಗಳಲ್ಲಿ ನೆಲಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಗಳೂ ಹೆಚ್ಚುಕಡಮೆ ಇದೇ ಭೇದವನ್ನು ಪಾಲಿಸುವುವು. ಕುದುರೆ ಮಸಾಲೆ, ಮೆಲಿಲೋಟಸ್, ಮೆಂತ್ಯಗಳಲ್ಲಿ ಗಂಟು ಕಟ್ಟುವುದು ಒಂದು ಪ್ರಭೇದ. ಕ್ಲೋವರಿನ ಮತ್ತು ಬಟಾಣಿಯ ಬ್ಯಾಕ್ಟೀರಿಯಗಳಾದರೋ ಬೇರೊಂದು ಪ್ರಭೇದದ ಎರಡು ಬಗೆಗಳು. ಆದರೆ ಹುರುಳಿಕಾಯಿಯ ಗಿಡಕ್ಕೆ ಒಗ್ಗುವ ಬಗೆಯನ್ನೂ ಆ ಪ್ರಭೇದದಲ್ಲಿಯೇ ಎಣಿಸಿರುವುದರಿಂದ, ಬೇರುಗಂಟಿನ ಸಾಕ್ಷ್ಯವೊಂದರಿಂದಲೇ ಬಂಧುತ್ವವನ್ನು ನಿರ್ಣಯಿಸಲಾಗದು.

ಆದುದರಿಂದ ವರ್ಗೀಕರಣವು ಬರಿಯ ಹೆಸರುಗಳ ಪಟ್ಟಿಯಲ್ಲ. ಕುದುರೆ ಮಸಾಲೆಗೆಂದು ತಯಾರಿಸಿದ ಬ್ಯಾಕ್ಟೀರಿಯವನ್ನು ಬರ್ಸೀಮಿನ ಬೀಜಕ್ಕೆ ಲೇಪಿಸಿದ ರೈತನಿಗೆ ಗಂಟುಗಳು ದೊರೆಯವು. ಎರಡೂ ಮೂರೆಲೆಯವೇ ಎಂಬ ಸಮಾಧಾನದಿಂದ ಮಣ್ಣಿಗೆ ಸಾರಜನಕ ಬಾರದು. ಕ್ಲೋವರ್ ದೊರೆಯದ ನಮ್ಮ ಕಾಲೇಜುಗಳಲ್ಲಿ ಅಧ್ಯಾಪಕರು ಮೆಂತ್ಯ, ಬಟಾಣಿ, ಪುಲ್ಲಂಪುರಚಿ ಈ ಮೂರನ್ನು ಬೇರುಸಹಿತ ಕಿತ್ತು ವಿದ್ಯಾರ್ಥಿಗಳ ಮುಂದಿಡಬಹುದು. ಎಲೆಯಿಂದ ಮೊದಲುಮಾಡಿ ಹೂ, ಕಾಯಿ, ಬೇರುಗಳನ್ನು ಕ್ರಮವಾಗಿ ನೋಡಿದರೆ, ಎಲೆಯೊಂದನ್ನೇ ನಂಬಿದವನು ಎಲ್ಲಿ ತಪ್ಪುವನೆಂಬುದು ಅವರಿಗೆ ತಾನಾಗಿ ವಿಶದವಾಗುವುದು.