ಹಗುರ ಸೈಕಲ್ಲು, ದೂರದ ದಾರಿ

ನಮ್ಮ ವ್ಯಾಪಾರಸ್ಥ ಮನೆಗಳಲ್ಲಿ ಸೈಕಲ್ಲೆಂದರೆ ಇನ್ನೂ ಅಂಗಡಿ ಹುಡುಗನ ವಾಹನವೇ. ಕ್ಯಾರಿಯರ್ ಮೇಲೆ ಸಕ್ಕರೆ ಮೂಟೆ, ಹ್ಯಾಂಡಲಿಗೆ ಎಣ್ಣೆ ಡಬ್ಬ. ಮಗ ಬಂದು ಅರವತ್ತು ಸಾವಿರದ ಸೈಕಲ್ಲು ಬೇಕೆಂದರೆ ತಂದೆ ಗಲ್ಲಾ ಮುಚ್ಚಿ, "ಇನ್ನೊಂದಿಷ್ಟು ಹಾಕಿದರೆ ಸ್ಕೂಟರೇ ಬರುತ್ತಲ್ಲೋ" ಎನ್ನುವುದು ಸಹಜ. ಆ ಮಾತನ್ನು ನಾವೂ ಆಡಿದವರೇ.

ಆದರೆ ಎರಡೂ ಒಂದೇ ಜಾತಿಯ ಸೈಕಲ್ಲಲ್ಲ. ಹಳೆಯದು ಸುಮಾರು 20 ಕಿಲೋ ತೂಗುತ್ತದೆ, ಭಾರ ಹೊರಲೆಂದೇ ಹುಟ್ಟಿದ್ದು. ಹೊಸದು ಒಂಬತ್ತು ಹತ್ತು ಕಿಲೋ. ಒಂದೇ ಕೈಯಲ್ಲಿ ಎತ್ತಿ ಅಂಗಡಿಯ ಮಹಡಿಗೆ ಒಯ್ಯಬಹುದು. ಟೈರು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಗಾಳಿ ಸುಮಾರು 80 ಪೌಂಡು. ಬಾಗಿದ ಹ್ಯಾಂಡಲು ಹಿಡಿದು ತಗ್ಗಿ ಕುಳಿತರೆ ಗಾಳಿಯ ತಡೆ ಕಡಿಮೆ, ಏರಿಗೆ ಗೇರು ಇದೆ.

ರಾಯದುರ್ಗದಿಂದ ಗುಮ್ಮಗಟ್ಟದ ಕಡೆಗೆ ಹೊರಟು ಭೈರವಾನಿತಿಪ್ಪದ ಅಣೆಕಟ್ಟಿಗೆ ಹೋಗಿ ಬರುವುದು ಹೊಸಬರಿಗೆ ಹೇಳಿಮಾಡಿಸಿದ ಸವಾರಿ. ವೇದಾವತಿ, ಅಂದರೆ ನಮ್ಮವರ ಬಾಯಿಯ ಹಗರಿ, ಇಲ್ಲಿ ತುಂಬಿ ಕಾಣುವುದು ಅಪರೂಪ. ಮೇಲೆ ಮಾರಿಕಣಿವೆಯಲ್ಲಿ 1907ರಲ್ಲೇ ವಾಣಿವಿಲಾಸ ಸಾಗರ ಕಟ್ಟಿದರು. 1933ರ ನಂತರ ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ! ನೀರಿರಲಿ ಬಿಡಲಿ, ಏರಿಯ ಮೇಲಿನ ಮುಂಜಾವಿನ ಗಾಳಿಗೆ ಬೆಲೆ ಕಟ್ಟಲಾಗದು. ಹಗಲೆಲ್ಲ ಗಾದಿಯ ಮೇಲೆ ಕುಳಿತೇ ಇರುವ ನಮ್ಮಂಥವರ ಮೊಣಕಾಲು, ಸೊಂಟಗಳಿಗೆ ಅದು ಗೊತ್ತು. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮಲ್ಲಿ ಎಷ್ಟಿವೆ, ನೀವೇ ಎಣಿಸಿ ನೋಡಿ.

ಊರಿಂದೂರಿಗೆ ವ್ಯವಹಾರಕ್ಕೆ ಹೋಗುವುದು ಮುಂದಿನ ಮೆಟ್ಟಿಲು. ಬಳ್ಳಾರಿ ಸುಮಾರು 50 ಕಿಲೋಮೀಟರು. ಅಭ್ಯಾಸವಾದವನಿಗೆ ಎರಡೂವರೆ ತಾಸು. ಜೀನ್ಸಿನ ಲೆಕ್ಕ, ಮಾದರಿ ಬಟ್ಟೆ ಬೆನ್ನ ಚೀಲದಲ್ಲಿ ಹಿಡಿಯುತ್ತವೆ; ಸರಕು ಲಾರಿಯಲ್ಲೇ ಬರಲಿ. ಆಷಾಢದ ಗಾಳಿ ತೆಂಕಣ ಪಡುವಣದಿಂದ ಬೀಸುವುದರಿಂದ ಹೋಗುವಾಗ ಬೆನ್ನು ತಟ್ಟುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಸುಸ್ತಾದರೆ ಚಕ್ರ ಕಳಚಿ ಬಸ್ಸು ಹತ್ತುವುದರಲ್ಲಿ ನಾಚಿಕೆಯೇನಿಲ್ಲ.

ಹಗರಿಯ ಬಯಲಲ್ಲಿ ರಸ್ತೆಗೆ ಮರಳು ಹರಡಿದ್ದರೆ ಸಪೂರ ಟೈರು ಜಾರುತ್ತದೆ, ಅಲ್ಲಿ ಇಳಿದು ನಡೆಯಿರಿ. ಬಳ್ಳಾರಿ ಜಾಲಿಯ ಮುಳ್ಳಂತೂ ಶತ್ರುವೇ. ಎರಡು ಟ್ಯೂಬು, ಚಿಕ್ಕ ಪಂಪು ಜೊತೆಗಿರಬೇಕು. ಇದರ ವಾಲ್ವು ಕಡ್ಡಿಯಂತೆ ಸಪೂರ, ಊರ ಸೈಕಲ್ ಷಾಪಿನ ಪಂಪು ಹಿಡಿಯುವುದಿಲ್ಲ. ದೂರದ ಸವಾರರು ಹೊಗಳುವ ಸೀಟು ಚರ್ಮದ್ದು. ನಮ್ಮ ಮನೆಗೆ ಅದು ಬೇಡ, ಕೃತಕ ಹೊದಿಕೆಯದೂ ಚೆನ್ನಾಗಿಯೇ ಸಿಗುತ್ತದೆ. ಕಾಯಿಸಿ ಆರಿಸಿದ ನೀರಿನ ಎರಡು ಬಾಟಲಿ, ಒಂದಿಷ್ಟು ಶೇಂಗಾ ಚಿಕ್ಕಿ, ಖರ್ಜೂರ ಇರಲಿ. ತಾಸಿಗೊಮ್ಮೆ ಬಾಯಿಗೆ ಹಾಕದಿದ್ದರೆ ಕಾಲು ಒಮ್ಮೆಗೇ ಸೋಲುತ್ತದೆ.

ನಮ್ಮನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಹುಡುಗರಿಗೆ ಈಗ 'ಬ್ರೆವೆ' ಎಂಬ ಹುಚ್ಚು. ಅದು ಪಂದ್ಯವಲ್ಲ, ಗೊತ್ತಾದ ದೂರವನ್ನು ಗೊತ್ತಾದ ವೇಳೆಯೊಳಗೆ ಮುಗಿಸುವ ಸವಾರಿ: 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ ಇಪ್ಪತ್ತು, 600ಕ್ಕೆ ನಲವತ್ತು. ಬೆಳಗಿನ ಆರಕ್ಕೆ ಹೊರಟರೆ 200ರ ಗಡುವು ಸಂಜೆ ಏಳೂವರೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲದ ಮನೆಯವನು ಹನ್ನೆರಡು ತಾಸಿನಲ್ಲೇ ಮುಗಿಸಬೇಕು. ಅದು ಸಾಧ್ಯ. 300 ಆದರೆ ರಾತ್ರಿ ತಪ್ಪದು. ಹಸಿದ ಹೊಟ್ಟೆ, ಕತ್ತಲು, ಎದುರಿಗೆ ಅದಿರಿನ ಲಾರಿ. "ಇನ್ನೂರು ಸಾಕು, ಮುನ್ನೂರು ಬೇಡ" ಎಂದು ನಾವು ನಮ್ಮ ಹುಡುಗನಿಗೆ ಹೇಳಿದ್ದೇವೆ. ಅವನು ಒಪ್ಪಿದ್ದಾನೆ, ಮುಖ ಮಾತ್ರ ಇನ್ನೂ ಊದಿಕೊಂಡಿದೆ. ಹೆಲ್ಮೆಟ್ಟು, ಹಿಂದೆ ಕೆಂಪು ದೀಪ ಹಗಲಲ್ಲೂ ಇರಬೇಕೆಂಬುದು ಅವನ ತಾಯಿಯ ಷರತ್ತು.